ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ನಾಯಕತ್ವ ಮತ್ತು ನಿಯಂತ್ರಣ (೧೮೮೧–೧೯೦೧)

೧. ಪ್ರಶ್ನೆಯ ಸ್ವರೂಪ

ಜನಪ್ರತಿನಿಧಿ ಸಭೆಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ೧೮೮೧ನೆಯ ಇಸವಿಯು ಎರಡು ಕಾರಣಗಳಿಂದ ಗಮನಾರ್ಹವಾದುದು. ಆ ವರ್ಷದ ಜನವರಿ ೩೧ರ ಸೋಮವಾರ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಆರಂಭವಾದ ಒಂದು ಬೈಠಕು ಫೆಬ್ರುವರಿ ೨ರ ಬುಧವಾರ ಬೆಳಗಿನವರೆಗೆ, ಎಂದರೆ ಸುಮಾರು ೪೧ ಗಂಟೆಗಳ ಕಾಲ, ಎಡೆಬಿಡದೆ ನಡೆಯಿತು. ಐರ್ಲೆಂಡಿಗೆ ಸಂಬಂಧಿಸಿದ ದಮನ ಮಸೂದೆಯೊಂದನ್ನು ತಡೆಯುವುದಕ್ಕಾಗಿ ಪಾರ್ನೆಲ್ಲನ ಅನುಯಾಯಿಗಳು ಒಬ್ಬರಾದ ಮೇಲೊಬ್ಬರು ಎದ್ದು ಮಾತನಾಡುತ್ತಲೇ ಇದ್ದರು. ಕೊನೆಗೆ ಸ್ಪೀಕರ್ ಬ್ರ್ಯಾಂಡ್ ತನ್ನ ಸ್ವಂತ ಹೊಣೆಯ ಮೇಲೆ ಚರ್ಚೆಯನ್ನು ನಿಲ್ಲಿಸಿ ಪ್ರಶ್ನೆಯನ್ನು ಮತಕ್ಕೆ ಹಾಕಿದನು. ಅದೇ ವರ್ಷದ ಅಕ್ಟೋಬರ್ ೭ರಂದು, ದಸರಾ ಉತ್ಸವದ ಸಂದರ್ಭದಲ್ಲಿ, ಮೈಸೂರು ನಗರದಲ್ಲಿ ೧೪೪ ಜನ ರೈತರೂ ವರ್ತಕರೂ ದಿವಾನ್ ರಂಗಾಚಾರ್ಲು ಅವರ ಅಧ್ಯಕ್ಷತೆಯಲ್ಲಿ ಸಭೆ ಸೇರಿದರು. ಇದೇ ಪ್ರಜಾಪ್ರತಿನಿಧಿ ಸಭೆಯ ಮೊದಲನೆಯ ಅಧಿವೇಶನ.

ಈ ಎರಡು ಸಭೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಒಂದು ಶತಮಾನಗಳ ಹೋರಾಟದಿಂದ ಅಧಿಕಾರವನ್ನು ಗಳಿಸಿಕೊಂಡ ಸಾರ್ವಭೌಮ ಶಾಸನಸಭೆ. ಇನ್ನೊಂದು ಅರಸರ ಆಜ್ಞೆಯಿಂದ ಹುಟ್ಟಿದ ಸಮಾಲೋಚನ ಸಭೆ. ಆದರೂ ಎರಡಕ್ಕೂ ಸಮಾನವಾದ ಒಂದು ಪ್ರಶ್ನೆಯುಂಟು: ಬಹುಜನರು ಕೂಡಿದ ಸಭೆಯನ್ನು ಮುನ್ನಡೆಸುವವರು ಯಾರು? ಅದನ್ನು ಹಿಡಿತದಲ್ಲಿಟ್ಟುಕೊಳ್ಳುವ ಸಾಧನ ಯಾವುದು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಶಾಸನಸಭೆಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ರಾಜಕೀಯ ಪಕ್ಷ. ಮೈಸೂರಿನ ಸಭೆಯಲ್ಲಿ ಪಕ್ಷವೆಂಬುದೇ ಇರಲಿಲ್ಲ. ಅದಿಲ್ಲದೆ ಆ ಸಭೆ ಹೇಗೆ ನಡೆಯಿತು, ಅದರಿಂದ ಪ್ರಜೆಗಳಿಗೆ ಲಭಿಸಿದುದೇನು, ತಪ್ಪಿಹೋದುದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪಕ್ಷಕ್ಕೂ ಮತ ಎಣಿಕೆಗೂ ಇರುವ ಸಂಬಂಧ

ಪಕ್ಷದ ಕಟ್ಟುನಿಟ್ಟು ಇಂಗ್ಲೆಂಡಿನಲ್ಲಿಯೂ ಬಹು ಪುರಾತನವಾದುದಲ್ಲ. ಅಮೆರಿಕದ ವಿದ್ವಾಂಸ ಲಾರೆನ್ಸ್ ಲೋವೆಲ್ ಕಾಮನ್ಸ್ ಸಭೆಯ ಮತದಾನಗಳನ್ನು ಎಣಿಸಿ, ಒಂದು ಪಕ್ಷದ ನೂರಕ್ಕೆ ತೊಂಬತ್ತು ಮಂದಿಯಾದರೂ ಒಂದೇ ಕಡೆಗೆ ಮತ ಕೊಟ್ಟ ಸಂದರ್ಭವನ್ನು ‘ಪಕ್ಷಮತ’ ಎಂದು ಕರೆದನು. ಎದುರುಬದುರಾದ ಎರಡು ಪಕ್ಷಗಳೂ ಹೀಗೆ ಒಗ್ಗಟ್ಟಾಗಿ ನಿಂತ ಮತದಾನಗಳು ೧೮೬೦ರಲ್ಲಿ ನೂರಕ್ಕೆ ಸುಮಾರು ೬ ಮಾತ್ರ. ೧೮೯೪ರ ಹೊತ್ತಿಗೆ ಅವು ನೂರಕ್ಕೆ ಸುಮಾರು ೭೬ಕ್ಕೆ ಏರಿದ್ದವು. ಮೂವತ್ತೈದು ವರ್ಷಗಳೊಳಗೆ ಸ್ವತಂತ್ರ ಸದಸ್ಯನು ಪಕ್ಷದ ಸದಸ್ಯನಾದನೆಂದು ಇದರಿಂದ ತಿಳಿಯಬಹುದು.

ಈ ಬದಲಾವಣೆಗೆ ಮತದಾರರ ಸಂಖ್ಯೆ ಬೆಳೆದುದು, ಮಂತ್ರಿಮಂಡಲದ ಕಾರ್ಯಭಾರ ಹೆಚ್ಚಿದುದು ಮೊದಲಾದ ಕಾರಣಗಳಿದ್ದವು. ಪಾರ್ನೆಲ್ಲನ ಉದಾಹರಣೆಯೂ ಪರಿಣಾಮಕಾರಿಯಾಯಿತು. ಸಭೆಯಲ್ಲಿ ಪಕ್ಷದೊಡನೆ ಕುಳಿತು, ಪಕ್ಷದೊಡನೆ ನಡೆದು, ಪಕ್ಷದೊಡನೆ ಮತ ಕೊಡುವುದಾಗಿ ಪ್ರತಿಜ್ಞೆ ಮಾಡುವ ಪದ್ಧತಿಯನ್ನು ಐರಿಷ್ ಪಕ್ಷ ೧೮೮೪ರಲ್ಲಿ ಜಾರಿಗೆ ತಂದಿತು. ಅತ್ತ ಸರಕಾರವೂ ೧೮೮೨ರಲ್ಲಿ ಚರ್ಚೆಯನ್ನು ಮುಗಿಸುವ ನಿಯಮವನ್ನು ಸಭೆಯಿಂದ ಪಡೆದುಕೊಂಡಿತು. ಅಮೆರಿಕದ ಪ್ರತಿನಿಧಿಗಳ ಸಭೆಯಲ್ಲಿ ಸ್ಪೀಕರ್ ಥಾಮಸ್ ರೀಡ್ ೧೮೯೦ರ ಜನವರಿ ೨೯ರಂದು ಮಾಡಿದ ಕಾರ್ಯ ಇನ್ನೂ ಸ್ಪಷ್ಟವಾದುದು. ಅಲ್ಪಸಂಖ್ಯಾತ ಪಕ್ಷದವರು ಸಭೆಯಲ್ಲಿಯೇ ಕುಳಿತಿದ್ದು, ಹೆಸರು ಕರೆದಾಗ ಉತ್ತರ ಕೊಡದೆ, ಕೋರಂ ಇಲ್ಲವೆಂದು ವಾದಿಸಿ ಕೆಲಸವನ್ನು ನಿಲ್ಲಿಸುತ್ತಿದ್ದರು. ಮೌನವಾಗಿ ಕುಳಿತವರ ಹೆಸರುಗಳನ್ನೂ ಹಾಜರಿಯಲ್ಲಿ ಸೇರಿಸುವಂತೆ ರೀಡ್ ಗುಮಾಸ್ತನಿಗೆ ಆಜ್ಞೆ ಮಾಡಿದನು. ವಿರೋಧಿಗಳು ಅವನನ್ನು ‘ಝಾರ್’ ಎಂದು ಹಳಿದರು. ಆದರೆ ಬಹುಮತವುಳ್ಳ ಪಕ್ಷವೇ ಸಭೆಯನ್ನು ನಡೆಸತಕ್ಕದ್ದೆಂಬ ತತ್ತ್ವ ಅಂದು ಸ್ಥಿರವಾಯಿತು.

ಈ ಪ್ರಸಂಗಗಳಲ್ಲೆಲ್ಲ ಒಂದು ಅಂಶ ಸಮಾನವಾಗಿದೆ. ಜಗಳವೆಲ್ಲ ಎಣಿಕೆಯನ್ನು ಕುರಿತದ್ದು. ಮತವನ್ನು ಎಣಿಸುವುದರಿಂದ ಕಾನೂನು ಆಗುತ್ತದೆ ಅಥವಾ ಬೀಳುತ್ತದೆ. ಆದ್ದರಿಂದಲೇ ಮತಗಳನ್ನು ಒಟ್ಟುಗೂಡಿಸುವವನು ಬೇಕಾಗುತ್ತಾನೆ, ಚದುರಿಹೋಗದಂತೆ ಕಾಯುವ ಸಚೇತಕನು ಬೇಕಾಗುತ್ತಾನೆ. ಎಣಿಕೆಗೆ ಬೆಲೆಯಿಲ್ಲದ ಕಡೆ ಪಕ್ಷಕ್ಕೆ ಕೆಲಸವಿಲ್ಲ. ಈ ಸೂತ್ರವನ್ನು ಹಿಡಿದು ಮೈಸೂರಿನ ಕಡೆಗೆ ತಿರುಗಿದರೆ ಅಲ್ಲಿಯ ಸಭೆಯ ಸ್ವಭಾವ ಚೆನ್ನಾಗಿ ತಿಳಿದುಬರುತ್ತದೆ.

೩. ಸಭೆಯ ಹುಟ್ಟು

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಬಳಿಕ, ೧೮೮೧ನೆಯ ಮಾರ್ಚ್ ೨೫ರಂದು ಮೈಸೂರು ಸಂಸ್ಥಾನವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಹಿಂದಿರುಗಿ ಬಂದ ನಾಡು ಸಮೃದ್ಧವಾಗಿರಲಿಲ್ಲ. ೧೮೭೬–೭೮ರ ಮಹಾಕ್ಷಾಮ ಜನರನ್ನು ಹಣ್ಣುಮಾಡಿತ್ತು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಆಗಿದ್ದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಹೊಸ ಸರಕಾರವು ಮಿತವ್ಯಯವನ್ನು ಸಾಧಿಸಬೇಕಾಗಿತ್ತು, ರೈಲುಮಾರ್ಗಗಳನ್ನು ಹಾಕಬೇಕಾಗಿತ್ತು, ಕಂದಾಯವನ್ನು ಎತ್ತಬೇಕಾಗಿತ್ತು. ಇದಕ್ಕೆಲ್ಲ ಪ್ರಜೆಗಳ ವಿಶ್ವಾಸ ಅವಶ್ಯವಾಗಿತ್ತು. ಅಧಿಕಾರ ವರ್ಗಾವಣೆಯ ಕರಾರಿನ ಮೇರೆಗೆ, ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲರ ಸಮ್ಮತಿಯಿಲ್ಲದೆ ಬದಲಿಸಲು ಮಹಾರಾಜರಿಗೂ ಅವಕಾಶವಿರಲಿಲ್ಲ. ಅರಸರಿಗೇ ಪೂರ್ಣವಾಗಿಲ್ಲದ ಶಾಸನಾಧಿಕಾರವನ್ನು ಅರಸರು ನೇಮಿಸಿದ ಸಭೆ ಪಡೆಯುವಂತಿರಲಿಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇಂಥ ಸನ್ನಿವೇಶದಲ್ಲಿ ರಂಗಾಚಾರ್ಲು ಅವರ ಪ್ರೇರಣೆಯಿಂದ ೧೮೮೧ನೆಯ ಆಗಸ್ಟ್ ೨೫ರಂದು ಸಭೆಯ ರಚನೆಯ ಆಜ್ಞೆ ಹೊರಟಿತು. ಸರಕಾರದ ಉದ್ದೇಶಗಳನ್ನು ಜನರು ತಿಳಿದುಕೊಳ್ಳಬೇಕು, ಜನರ ಕುಂದುಕೊರತೆಗಳನ್ನು ಸರಕಾರ ತಿಳಿದುಕೊಳ್ಳಬೇಕು. ಹಿಂದಿನ ವರ್ಷದ ಆಡಳಿತದ ಫಲಿತಾಂಶವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಅವರ ಮುಂದಿಡಬೇಕು. ಇಷ್ಟೇ ಅದರ ಆಶಯ. ತಾಲ್ಲೂಕುಗಳಿಂದ ತಿಳಿವಳಿಕೆಯೂ ವರ್ಚಸ್ಸೂ ಉಳ್ಳ ರೈತರು, ಜಿಲ್ಲೆಗಳಿಂದ ಪ್ರಮುಖ ವರ್ತಕರು ಬರಬೇಕೆಂದು ಗೊತ್ತಾಯಿತು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆಗೆ ಇದೇ ಮೊದಲ ಮೇಲ್ಪಂಕ್ತಿ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

೪. ದಿವಾನರ ಕೈಯಲ್ಲಿದ್ದ ಸೂತ್ರಗಳು

ಕಾಮನ್ಸ್ ಸಭೆಯಲ್ಲಿ ಬೇರೆ ಬೇರೆ ಜನರ ಕೈಯಲ್ಲಿ ಹಂಚಿಹೋಗಿದ್ದ ಅಧಿಕಾರಗಳು ಮೈಸೂರಿನಲ್ಲಿ ಒಬ್ಬರಲ್ಲಿಯೇ ಕೂಡಿದ್ದವು. ದಿವಾನರು ಸರಕಾರದ ಮುಖ್ಯಾಧಿಕಾರಿಗಳು. ಅವರೇ ಸಭೆಯ ಅಧ್ಯಕ್ಷರು. ಆಡಳಿತದ ವರದಿಯನ್ನು ಓದುವವರು ಅವರು. ಅದರ ಮೇಲೆ ಬಂದ ಆಕ್ಷೇಪಗಳಿಗೆ ಉತ್ತರ ಕೊಡುವವರೂ ಅವರೇ. ಯಾವ ವಿಷಯವನ್ನು ಎಷ್ಟು ಹೊತ್ತು ಚರ್ಚಿಸಬಹುದೆಂದು ನಿರ್ಣಯಿಸುವವರೂ ಅವರೇ. ಪ್ರಧಾನಮಂತ್ರಿ, ಸ್ಪೀಕರ್ ಮತ್ತು ಮುಖ್ಯ ಸಚೇತಕ ಈ ಮೂವರ ಕೆಲಸ ಒಬ್ಬನೇ ವ್ಯಕ್ತಿಗೆ ಸೇರಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯ ಸೂತ್ರ ಕಾಲಕ್ಕೆ ಸಂಬಂಧಿಸಿದ್ದು. ಸಭೆ ವರ್ಷಕ್ಕೊಮ್ಮೆ, ದಸರೆಯ ಸಮಯದಲ್ಲಿ, ಕೆಲವೇ ದಿನ ಕೂಡುತ್ತಿತ್ತು. ದೂರದ ಶಿವಮೊಗ್ಗ, ಚಿತ್ರದುರ್ಗಗಳಿಂದ ಬಂದ ಸದಸ್ಯರು ಪರಸ್ಪರ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಊರಿಗೆ ಹಿಂದಿರುಗುವ ದಿನ ಬರುತ್ತಿತ್ತು. ನಿತ್ಯ ಸಹವಾಸವಿಲ್ಲದೆ ಒಗ್ಗಟ್ಟು ಬೆಳೆಯುವುದು ಕಷ್ಟ.

ಮೂರನೆಯದು ವಿಷಯಕ್ರಮ. ಸದಸ್ಯರು ತಂದ ಅಹವಾಲುಗಳು ಬಹುಮಟ್ಟಿಗೆ ಆಯಾ ಜಿಲ್ಲೆ ತಾಲ್ಲೂಕುಗಳವು. ಒಂದೂರಿನ ಕೆರೆಯ ತೂಬು, ಇನ್ನೊಂದೂರಿನ ರಸ್ತೆ, ಮತ್ತೊಂದೂರಿನ ಕಾಡಿನ ಹುಲ್ಲುಗಾವಲಿನ ಹಕ್ಕು ಹೀಗೆ ಬೇಡಿಕೆಗಳು ಬಿಡಿಬಿಡಿಯಾಗಿ ಬರುತ್ತಿದ್ದವು. ಒಬ್ಬೊಬ್ಬ ಸದಸ್ಯನೂ ತನ್ನ ತಾಲ್ಲೂಕಿನ ಪರವಾಗಿ ದಿವಾನರೊಡನೆ ಮಾತನಾಡುತ್ತಿದ್ದನೇ ಹೊರತು, ನೆರೆಯ ತಾಲ್ಲೂಕಿನವನೊಡನೆ ಕೂಡಿ ಒಂದು ಧೋರಣೆಯನ್ನು ಮಂಡಿಸುವ ಪ್ರಮೇಯ ಅಪರೂಪವಾಗಿತ್ತು. ಕೊಡುವ ಕೈ ಒಂದೇ ಆಗಿ ಬೇಡುವ ಕೈಗಳು ನೂರಾದಾಗ, ಬೇಡುವವರಲ್ಲಿ ಸ್ಪರ್ಧೆಯಲ್ಲದೆ ಸಂಘಟನೆ ಹುಟ್ಟುವುದಿಲ್ಲ.

ಕೊನೆಯದೂ ಮುಖ್ಯವಾದುದೂ ಮತಾಧಿಕಾರದ ಅಭಾವ. ಸದಸ್ಯರ ಅಭಿಪ್ರಾಯ ಎಷ್ಟೇ ಏಕಮುಖವಾಗಿದ್ದರೂ ಅದು ಸರಕಾರವನ್ನು ಕಟ್ಟಿಹಾಕುತ್ತಿರಲಿಲ್ಲ. ಆಯವ್ಯಯವನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಹಕ್ಕು ಇರಲಿಲ್ಲ. ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಸಭೆ ಹೇಳಬಹುದಾಗಿತ್ತು, ಕೇಳಬಹುದಾಗಿತ್ತು, ತೀರ್ಮಾನಿಸುವಂತಿರಲಿಲ್ಲ. ಎಣಿಕೆಯಿಲ್ಲದ ಸಭೆಯಲ್ಲಿ ಬಹುಮತವೂ ಇಲ್ಲ, ಅಲ್ಪಮತವೂ ಇಲ್ಲ. ಆದುದರಿಂದ ಆಳುವ ಪಕ್ಷವಾಗಲಿ ವಿರೋಧಪಕ್ಷವಾಗಲಿ ಅಲ್ಲಿ ತಲೆದೋರಲು ಕಾರಣವೇ ಇರಲಿಲ್ಲ.

೫. ಶೇಷಾದ್ರಿ ಅಯ್ಯರ್ ಅವರ ಕಾಲ

ರಂಗಾಚಾರ್ಲು ಅವರು ೧೮೮೩ರ ಜನವರಿಯಲ್ಲಿ ತೀರಿಕೊಂಡರು. ಅವರ ನಂತರ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರು ೧೯೦೧ರವರೆಗೆ, ಹದಿನೆಂಟು ವರ್ಷಗಳ ದೀರ್ಘಕಾಲ, ಆ ಪದವಿಯಲ್ಲಿದ್ದರು. ಇವರ ಕಾಲದಲ್ಲಿ ಸಭೆಯ ಸದಸ್ಯಸಂಖ್ಯೆ ಹೆಚ್ಚಿತು. ೧೮೯೧ರಿಂದ ಚುನಾವಣೆಯ ಪದ್ಧತಿಯೂ ಬಂದಿತು. ನಿರ್ದಿಷ್ಟ ಪ್ರಮಾಣದ ಕಂದಾಯ ಅಥವಾ ತೆರಿಗೆ ಕೊಡುವವರಿಗೂ ವಿದ್ಯಾವಂತರಾದ ಪದವೀಧರರಿಗೂ ಈ ಹಕ್ಕು ದೊರೆಯಿತು. ಮತದಾರರ ಸಂಖ್ಯೆ ಅಲ್ಪವಾಗಿದ್ದರೂ ನಾಮಕರಣದಿಂದ ಚುನಾವಣೆಗೆ ಬಂದುದು ಸಣ್ಣ ಹೆಜ್ಜೆಯೇನಲ್ಲ.

ಆದರೆ ಗಮನಿಸಬೇಕಾದುದು ಇಷ್ಟು: ಪ್ರತಿನಿಧಿಯನ್ನು ಆರಿಸುವಾಗ ಮತ ಎಣಿಸಲಾಗುತ್ತಿತ್ತು, ಆರಿಸಿ ಬಂದ ಪ್ರತಿನಿಧಿಯ ಮತಕ್ಕೆ ಸಭೆಯಲ್ಲಿ ನಿರ್ಣಾಯಕ ಬೆಲೆಯಿರಲಿಲ್ಲ. ಸಭೆಯ ಬಾಗಿಲವರೆಗೆ ಬಂದ ಎಣಿಕೆ ಒಳಗೆ ಪ್ರವೇಶಿಸಲಿಲ್ಲ. ಚುನಾವಣೆಯಿಂದ ಸದಸ್ಯನ ಗೌರವ ಹೆಚ್ಚಿತು. ಅವನ ಶಕ್ತಿ ಹೆಚ್ಚಲಿಲ್ಲ.

ಬಾಲ್ಯವಿವಾಹ ನಿರ್ಬಂಧದ ಕಾನೂನು ಇದಕ್ಕೆ ಉತ್ತಮ ನಿದರ್ಶನ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನೂ, ಐವತ್ತು ಮೀರಿದ ಪುರುಷರು ಹದಿನಾಲ್ಕು ವರ್ಷದೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸುವ ಈ ಕಾನೂನು ೧೮೯೪ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಮುಂಚೆ ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆ ನಡೆಯಿತು. ಸಂಪ್ರದಾಯನಿಷ್ಠರಿಂದ ಪ್ರಬಲವಾದ ವಿರೋಧವೂ ಬಂದಿತು. ಆದರೂ ಕಾನೂನು ಆದುದು ಅರಸರ ಅಧಿಕಾರದಿಂದ. ಸುಧಾರಣೆಯ ದೃಷ್ಟಿಯಿಂದ ಅದು ಶ್ಲಾಘ್ಯವಾದ ಕಾರ್ಯ. ಸಭೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅನುಕೂಲವಾಗಿ ಮಾತನಾಡಿದವರು ಕಾನೂನನ್ನು ಗೆಲ್ಲಿಸಲಿಲ್ಲ. ಪ್ರತಿಕೂಲವಾಗಿ ಮಾತನಾಡಿದವರು ಸೋಲಲೂ ಇಲ್ಲ. ಗೆಲುವು ಸೋಲುಗಳ ಹೊಣೆ ಹೊರದ ಸದಸ್ಯನು ಇತರರನ್ನು ತನ್ನ ಕಡೆಗೆ ಒಲಿಸಿಕೊಳ್ಳುವ ಶ್ರಮವನ್ನು ಏಕೆ ವಹಿಸಬೇಕು? ಒಳ್ಳೆಯ ಕಾನೂನು ದೊರಕಿತು. ಕಾನೂನು ಮಾಡುವ ಶಿಕ್ಷಣ ದೊರಕಲಿಲ್ಲ.

ಹೀಗಾಗಿ ಜನರ ನಾಯಕತ್ವ ಸಭೆಯ ಹೊರಗೆ ಬೆಳೆಯತೊಡಗಿತು. ಇದಕ್ಕೆ ಎಂ. ವೆಂಕಟಕೃಷ್ಣಯ್ಯನವರ ಜೀವನವೇ ಸಾಕ್ಷಿ. ‘ತಾತಯ್ಯ’ ಎಂದು ಜನರಿಂದ ಕರೆಸಿಕೊಂಡ ಇವರು ಉಪಾಧ್ಯಾಯರು, ಪತ್ರಿಕೋದ್ಯಮಿಗಳು; ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದರು. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳ ಮೂಲಕ ಆಡಳಿತವನ್ನು ವಿಮರ್ಶಿಸಿದರು. ಸಭೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಆಡಬಹುದಾದ ಮಾತನ್ನು ಪತ್ರಿಕೆಯಲ್ಲಿ ಪ್ರತಿವಾರ ಆಡಬಹುದಾಗಿತ್ತು. ಅದರ ಪ್ರಭಾವ ಎಷ್ಟಿತ್ತೆಂಬುದಕ್ಕೆ, ೧೯೦೮ರಲ್ಲಿ ಸರಕಾರವು ಪತ್ರಿಕೆಗಳನ್ನು ಹತೋಟಿಯಲ್ಲಿಡುವ ಕಾನೂನನ್ನು ತಂದುದೇ ಪ್ರಮಾಣ.

೬. ಮುಂಬಯಿ ಸಭೆಯೊಡನೆ ಹೋಲಿಕೆ

ನಮ್ಮ ಧಾರವಾಡ ಪ್ರದೇಶ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಯ ರೈತನ ಕಂದಾಯದ ಕಾನೂನು ಆಗುತ್ತಿದ್ದುದು ಮುಂಬಯಿ ಗವರ್ನರರ ಶಾಸನಸಭೆಯಲ್ಲಿ. ೧೮೬೧ರ ಕಾನೂನಿನಿಂದ ರಚಿತವಾದ ಆ ಸಭೆಗೆ ೧೮೯೨ರ ಸುಧಾರಣೆಯ ಮೂಲಕ ಆಯವ್ಯಯವನ್ನು ಚರ್ಚಿಸುವ ಮತ್ತು ಪ್ರಶ್ನೆ ಕೇಳುವ ಹಕ್ಕು ಬಂದಿತು. ಪುರಸಭೆಗಳು, ಲೋಕಲ್ ಬೋರ್ಡುಗಳು ಮೊದಲಾದ ಸಂಸ್ಥೆಗಳ ಮೂಲಕ ಪರೋಕ್ಷವಾದ ಆಯ್ಕೆಯೂ ಬಂದಿತು. ಮೈಸೂರಿನ ಸಭೆಗಿಂತ ಇದು ಸದಸ್ಯಸಂಖ್ಯೆಯಲ್ಲಿ ತೀರ ಚಿಕ್ಕದು. ಆದರೆ ಇಲ್ಲಿ ಮತ ಎಣಿಸಲಾಗುತ್ತಿತ್ತು.

ಇದರ ಪರಿಣಾಮ ೧೯೦೧ರಲ್ಲಿ ವ್ಯಕ್ತವಾಯಿತು. ಕ್ಷಾಮದಿಂದ ಕಂಗೆಟ್ಟ ರೈತರ ಜಮೀನು ಕಂದಾಯದ ಬಾಕಿಗಾಗಿ ಸರಕಾರದ ವಶವಾದಾಗ, ಅದನ್ನು ಪರಭಾರೆ ಮಾಡುವ ಹಕ್ಕಿಲ್ಲದಂತೆ ಮರಳಿ ಕೊಡುವ ಅಧಿಕಾರವನ್ನು ಸರಕಾರಕ್ಕೆ ನೀಡುವ ಭೂಕಂದಾಯ ತಿದ್ದುಪಡಿ ಮಸೂದೆ ಆ ವರ್ಷ ಸಭೆಯ ಮುಂದೆ ಬಂದಿತು. ಸರಕಾರದ ಪರವಾಗಿ ಅಧಿಕಾರಿ ಸದಸ್ಯರ ಬಹುಮತ ಮೊದಲೇ ಸಿದ್ಧವಾಗಿತ್ತು. ಫಿರೋಜಶಹಾ ಮೆಹತಾ ಅವರು ಮಸೂದೆಯನ್ನು ತಡೆಯಲು ಮಾಡಿದ ಪ್ರಯತ್ನ ಸೋತಿತು. ಆಗ ಅವರು ಸಭೆಯನ್ನು ಬಿಟ್ಟು ಹೊರನಡೆದರು. ಗೋಪಾಲ ಕೃಷ್ಣ ಗೋಖಲೆಯವರೂ ಇನ್ನು ಕೆಲವು ಸದಸ್ಯರೂ ಅವರನ್ನು ಹಿಂಬಾಲಿಸಿದರು.

ಇವರಿಗೆ ಪಕ್ಷವೆಂಬ ಹೆಸರಿರಲಿಲ್ಲ, ಸಚೇತಕನಿರಲಿಲ್ಲ, ಪ್ರತಿಜ್ಞೆಯಿರಲಿಲ್ಲ. ಆದರೂ ಒಬ್ಬ ನಾಯಕನ ಹಿಂದೆ ಕೂಡಿ ನಡೆದರು. ಸೋಲು ಎಣಿಕೆಯ ಮೂಲಕ ಬಂದುದರಿಂದ ಅದು ಎಲ್ಲರ ಸಮಾನವಾದ ಸೋಲಾಯಿತು. ಸಮಾನವಾದ ಸೋಲಿನಿಂದ ಸಮಾನವಾದ ಕಾರ್ಯ ಹುಟ್ಟಿತು. ಮುಂಬಯಿಯ ಕೆಲವೇ ಸದಸ್ಯರು ಸಾಧಿಸಿದ ಈ ಏಕತೆಯನ್ನು ಮೈಸೂರಿನ ನೂರಾರು ಸದಸ್ಯರು ಸಾಧಿಸದೆ ಹೋದುದು ಅವರ ಬುದ್ಧಿಶಕ್ತಿಯ ಕೊರತೆಯಿಂದಲ್ಲ, ಸಭೆಯ ರಚನೆಯಿಂದ.

೭. ಸಭೆಯ ಬೆಲೆ

ಹಾಗಾದರೆ ಪ್ರಜಾಪ್ರತಿನಿಧಿ ಸಭೆ ದಸರೆಯ ದರ್ಬಾರಿನ ಒಂದು ಅಲಂಕಾರ ಮಾತ್ರವೆ? ಹೀಗೆ ಹೇಳುವುದು, ಅದನ್ನು ಮೈಸೂರಿನ ಪಾರ್ಲಿಮೆಂಟೆಂದು ಹೊಗಳುವಷ್ಟೇ ತಪ್ಪಾಗುತ್ತದೆ. ರಾಜ್ಯದ ಮುಖ್ಯಾಧಿಕಾರಿಯು ಪ್ರತಿವರ್ಷ ರೈತರ ಮುಂದೆ ನಿಂತು, ಬಂದ ಹಣವೆಷ್ಟು, ಖರ್ಚಾದ ಹಣವೆಷ್ಟು, ಮಾಡಿದ ಕೆಲಸವೇನು, ಮಾಡದೆ ಬಿಟ್ಟುದೇಕೆ ಎಂದು ಹೇಳಬೇಕಾಗಿದ್ದುದು ಸಾಮಾನ್ಯ ಸಂಗತಿಯಲ್ಲ. ಅಮಲ್ದಾರನ ಅನ್ಯಾಯವನ್ನು ದಿವಾನರ ಎದುರಿಗೆ, ಇತರ ಅಧಿಕಾರಿಗಳು ಕೇಳುವಂತೆ, ಒಬ್ಬ ಒಕ್ಕಲಿಗನು ಎದ್ದು ಹೇಳಬಹುದಾಗಿತ್ತು. ನಡಾವಳಿಗಳು ಅಚ್ಚಾಗುತ್ತಿದ್ದುದರಿಂದ ಒಂದು ವರ್ಷ ಕೊಟ್ಟ ಮಾತನ್ನು ಮುಂದಿನ ವರ್ಷ ತೋರಿಸಿ ಕೇಳಲು ಸಾಧ್ಯವಿತ್ತು. ದಂಡಿಸುವ ಅಧಿಕಾರವಿಲ್ಲದಿದ್ದರೂ ಉತ್ತರ ಹೇಳಿಸುವ ಅಭ್ಯಾಸವನ್ನು ಈ ಸಭೆ ಬೆಳೆಸಿತು. ಹೊಣೆಗಾರಿಕೆಯ ಮೊದಲ ಮೆಟ್ಟಿಲು ಇದೇ.

ಎರಡನೆಯ ಮೆಟ್ಟಿಲಿಗೆ ಬಹುಕಾಲ ಹಿಡಿಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬೇರೆಯಾಗಿ ಸ್ಥಾಪಿತವಾಯಿತು. ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರಕಿ, ಹೊಸ ಕಾನೂನು ಮತ್ತು ಹೊಸ ತೆರಿಗೆಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಆಗಲೂ ಅಧ್ಯಕ್ಷಪೀಠ ದಿವಾನರದೇ, ಸರಕಾರ ಸಭೆಗೆ ಹೊಣೆಯಾಗಲಿಲ್ಲ. ಈ ನಡುವೆ ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಬ್ರಾಹ್ಮಣೇತರ ವರ್ಗಗಳಿಗೆ ವಿದ್ಯೆಯಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ನ್ಯಾಯವಾದ ಪಾಲು ದೊರಕಿಸುವುದು ಅದರ ಮುಖ್ಯ ಗುರಿ. ಆ ಬೇಡಿಕೆ ನ್ಯಾಯವಾದುದೇ. ಆದರೆ ಅದು ಸಭೆಯಲ್ಲಿ ಬಹುಮತ ಗಳಿಸಿ ರಾಜ್ಯವಾಳಲು ಹುಟ್ಟಿದ ಪಕ್ಷವಲ್ಲ. ಅರಸರಿಂದ ಮತ್ತು ದಿವಾನರಿಂದ ಪಾಲು ಪಡೆಯಲು ಹುಟ್ಟಿದ ಮಂಡಳಿ. ಕೊಡುವವನೊಬ್ಬ, ಬೇಡುವವರು ಹಲವರು ಎಂಬ ೧೮೮೧ರ ಸಂಬಂಧದ ನೆರಳು ಅದರ ಮೇಲೂ ಬಿದ್ದಿತ್ತು. ಮುಂದೆ ೧೯೩೪ರಲ್ಲಿ ರೂಪುಗೊಂಡ ಪ್ರಜಾಸಂಯುಕ್ತ ಪಕ್ಷವು ೧೯೩೭ರಲ್ಲಿ ಕಾಂಗ್ರೆಸ್ಸಿನಲ್ಲಿ ಸೇರಿದ ಮೇಲೆ, ಬೇಡುವ ಭಾಷೆ ಜವಾಬ್ದಾರಿ ಸರಕಾರದ ಹಕ್ಕೊತ್ತಾಯವಾಗಿ ಮಾರ್ಪಟ್ಟಿತು. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ ಅದು ಫಲಿಸಿತು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಪಕ್ಷವಿಲ್ಲದ ಸಭೆ ನಿಯಂತ್ರಣವಿಲ್ಲದ ಸಭೆಯಲ್ಲ. ಪಕ್ಷ ಬಿಟ್ಟ ಜಾಗವನ್ನು ಅಧಿಕಾರಿ ತುಂಬುತ್ತಾನೆ. ಎರಡನೆಯದಾಗಿ, ನಾಯಕರು ಮಾತಿನ ಶಕ್ತಿಯೊಂದರಿಂದಲೇ ಹುಟ್ಟುವುದಿಲ್ಲ. ಅವರ ಮಾತಿಗೆ ಸೇರುವ ಮತಗಳಿಗೆ ಬೆಲೆಯಿರಬೇಕು.

ಇಂದಿನ ವಿದ್ಯಾರ್ಥಿಗೆ ಇದು ಹಳೆಯ ಕಥೆಯಾಗಿ ಕಾಣಬೇಕಾಗಿಲ್ಲ. ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ೧೯೮೯ರಲ್ಲಿ ವಜಾ ಮಾಡಿದ ಪ್ರಕರಣದಲ್ಲಿ, ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸತಕ್ಕ ಸ್ಥಳ ರಾಜಭವನವಲ್ಲ, ಶಾಸನಸಭೆಯೇ ಎಂದು ಸುಪ್ರೀಂ ಕೋರ್ಟು ೧೯೯೪ರಲ್ಲಿ ತೀರ್ಪು ಕೊಟ್ಟಿತು. ಎಣಿಕೆ ಸಭೆಯ ಒಳಗೇ ಆಗಬೇಕೆಂಬುದು ಇದರ ಸಾರ. ಇದಕ್ಕೆ ಎದುರಾಗಿ, ೧೯೮೫ರ ಪಕ್ಷಾಂತರ ನಿಷೇಧದ ನಿಯಮದಿಂದ ಸದಸ್ಯನ ಮತ ಪಕ್ಷದ ಆಜ್ಞೆಗೆ ಎಷ್ಟರಮಟ್ಟಿಗೆ ಅಧೀನವಾಗಬೇಕೆಂಬ ಪ್ರಶ್ನೆಯೂ ನಮ್ಮ ಮುಂದಿದೆ. ಮತಕ್ಕೆ ಬೆಲೆಯಿಲ್ಲದಿದ್ದಾಗ ಸದಸ್ಯನು ಅರ್ಜಿದಾರನಾಗುತ್ತಾನೆ. ಮತವು ತನ್ನದಲ್ಲದಿದ್ದಾಗ ಅವನು ಬರಿಯ ಸಂಖ್ಯೆಯಾಗುತ್ತಾನೆ. ೧೮೮೧ರಲ್ಲಿ ಮೈಸೂರಿಗೆ ಬಂದಿದ್ದ ಆ ೧೪೪ ಜನರು ಈ ಎರಡರಲ್ಲಿ ಮೊದಲನೆಯ ಸ್ಥಿತಿಯನ್ನು ಅನುಭವಿಸಿದವರು. ಎರಡನೆಯದನ್ನು ಕುರಿತು ವಿಚಾರ ಮಾಡುವ ಹೊಣೆ ನಮ್ಮದು.